ಹಡಗು ಹತ್ತದ ಹುಚ್ಚೆಳ್ಳು ಪುಡಿ



ನಮ್ಮೂರು ಯಲ್ಲದಕೆರೆ. ಹಿರಿಯೂರಿನಿಂದ ಹುಳಿಯಾರು ಕಡೆಗೆ ಹೋಗುವವರಿಗೆ ದಾರಿಯಲ್ಲಿ ಸಿಗುತ್ತದೆ. ಸಮುದ್ರ ಇಲ್ಲಿಂದ ಬಲು ದೂರ. ನಾವು ಚಿಕ್ಕವರಿದ್ದಾಗ ದೊಡ್ಡ ನೀರು ಅಂದರೆ ಮಾರಿಕಣಿವೆ ಒಂದೇ. ವೇದಾವತಿಗೆ ಎರಡು ಗುಡ್ಡಗಳ ನಡುವೆ ಅಡ್ಡಗಟ್ಟೆ ಹಾಕಿ 1907ರಲ್ಲಿ ಮುಗಿಸಿದ ಆ ಕಟ್ಟೆಗೆ ಮಹಾರಾಣಿಯವರ ಹೆಸರಿಟ್ಟು ವಾಣಿವಿಲಾಸ ಸಾಗರ ಅಂದರು. ಸಾಗರ ಅನ್ನುವ ಮಾತು ನಮ್ಮ ಬಾಯಿಗೆ ಬಂದದ್ದೇ ಹಾಗೆ. 1933ರಲ್ಲಿ ಅದು ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಆ ನೀರು ನೋಡಲು ಸುತ್ತಲ ಊರುಗಳೆಲ್ಲ ಹೊರಟಾಗ ನಮ್ಮ ಮನೆಯವರೂ ಟೆಂಪೊ ಮಾಡಿಕೊಂಡು ಹೋದೆವು. ಹೋಗಿ ಬರಲು ಒಂದು ಹೊತ್ತು ಸಾಕು. ಅದಕ್ಕೂ ನಮ್ಮತ್ತೆ ಮೊಸರನ್ನದ ಬುತ್ತಿಯ ಪಕ್ಕ ಹುಚ್ಚೆಳ್ಳು ಪುಡಿಯ ಸಣ್ಣ ಡಬ್ಬಿ ಇಟ್ಟಿದ್ದರು.

ಈ ಡಬ್ಬಿಯ ಮೇಲೆಯೇ ನನ್ನ ಇವತ್ತಿನ ಮಾತು.

ಮಗ ಸಿಂಗಪುರದಲ್ಲಿ ಕೆಲಸದಲ್ಲಿದ್ದಾನೆ. ನಾನು ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಮ್ಮನ್ನು ಕರೆಸಿಕೊಂಡು, ಅಲ್ಲಿಂದ ನಾಲ್ಕು ರಾತ್ರಿಯ ಹಡಗಿನ ಪ್ರಯಾಣಕ್ಕೆ ಟಿಕೆಟು ಮಾಡಿಸಿದ. ಮಲೇಷಿಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ವಾಪಸ್ಸು. ಸುದ್ದಿ ಕೇಳಿದ ದಿನವೇ ಅತ್ತೆ ಬಾಂಡ್ಲಿ ಒಲೆಯ ಮೇಲಿಟ್ಟರು. ಎಂಬತ್ತು ದಾಟಿದ ಜೀವ. "ನೀರಿನ ಮ್ಯಾಲೆ ಹೋಗೋರು ಕಣವ್ವ ನೀವು, ನಾಲಿಗೆ ಕೆಟ್ಟೋಗ್ತೈತೆ. ಇದೊಂದಿಷ್ಟು ಮಡಿಕ್ಯಂಡೋಗ್ರಿ" ಅಂದರು. ಹಡಗಿನಲ್ಲಿ ಎಷ್ಟು ಬಗೆಯ ಅಡುಗೆ ಇರುತ್ತದೆ ಎಂದು ಮಗ ಫೋನಿನಲ್ಲಿ ಹೇಳಿದ್ದನ್ನು ನಾನು ಅವರಿಗೆ ಹೇಳಿದೆ. "ಇರಲಿ ಬಿಡು, ಅದನ್ನೂ ತಿನ್ರಿ" ಅಂದರು. ಹುರಿಯುವುದನ್ನು ನಿಲ್ಲಿಸಲಿಲ್ಲ.

ಹುಚ್ಚೆಳ್ಳು ಕಾಣದವರಿಗಾಗಿ ಎರಡು ಮಾತು. ಎಳ್ಳಿಗಿಂತ ಸಣಕಲು, ಉದ್ದ, ಕರ್ರಗೆ ಮಿಂಚುವ ಕಾಳು. ಉತ್ತರ ಕರ್ನಾಟಕದವರು ಗುರೆಳ್ಳು ಅನ್ನುತ್ತಾರೆ. ನಮ್ಮಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುತ್ತಿದ್ದರು. ದೀಪಾವಳಿಯ ಹೊತ್ತಿಗೆ ಹಳದಿ ಹೂ ಬಿಟ್ಟು ಹೊಲದ ಅಂಚೆಲ್ಲ ಬೆಳಗುತ್ತಿತ್ತು. ಹಬ್ಬದ ಬೆಳಿಗ್ಗೆ ಬಾಗಿಲಲ್ಲಿ ಇಡುವ ಸಗಣಿಯ ಉಂಡೆಗಳಿಗೆ ಸಿಕ್ಕಿಸುತ್ತಿದ್ದದ್ದು ಇದೇ ಹೂವು.

ಅತ್ತೆ ಪುಡಿ ಮಾಡುವುದನ್ನು ನೋಡುತ್ತ ಕೂರುವುದೇ ಒಂದು ಪಾಠ. ಮೊದಲು ಮೊರದಲ್ಲಿ ಕೇರುತ್ತಾರೆ. ಆಮೇಲೆ ನೀರಿನಲ್ಲಿ ಗಾಲಿಸುತ್ತಾರೆ. ಹೊಲದ ಮಣ್ಣು, ಮರಳು ತಳಕ್ಕೆ ಇಳಿಯಬೇಕು. ಒಂದು ಹರಳು ಉಳಿದರೂ ಡಬ್ಬಿಯೆಲ್ಲ ಕೆಟ್ಟಂತೆ. ಹಳೆಯ ಪಂಚೆಯ ಮೇಲೆ ಬಿಸಿಲಿಗೆ ಹರವಿ, ಗರಿಗರಿ ಒಣಗಿದ ಮೇಲೆ ಸಣ್ಣ ಉರಿಯಲ್ಲಿ ಕಬ್ಬಿಣದ ಬಾಂಡ್ಲಿಗೆ ಹಾಕುತ್ತಾರೆ. ಕೈ ನಿಲ್ಲಬಾರದು. ಕಾಳು ಚಿಟಪಟ ಅನ್ನಲು ಶುರುವಾದಾಗ ಹಸಿ ವಾಸನೆ ಹೋಗಿ ಮನೆಯೆಲ್ಲ ಘಮ್ಮೆನ್ನುತ್ತದೆ. ಆಗ ನಾಲ್ಕು ಕಾಳು ತೆಗೆದು ಹೆಬ್ಬೆರಳ ಉಗುರಿನ ಮೇಲಿಟ್ಟು ಒತ್ತುತ್ತಾರೆ. ಪುಡಿಯಾದರೆ ಹದ. ಆ ಗಳಿಗೆ ತಪ್ಪಿದರೆ ಕಹಿ. ಮೆಣಸಿನಕಾಯಿ ಎರಡು ಬಗೆ ಬೇಕು, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ನಾರು ತೆಗೆದ ಹುಣಿಸೆಹಣ್ಣನ್ನೂ ಬಾಂಡ್ಲಿಯಲ್ಲಿ ಬಾಡಿಸಿ ಪಸೆ ಆರಿಸುತ್ತಾರೆ. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಹುರಿಯುತ್ತಾರೆ. ನೆರಳಲ್ಲಿ ಒಣಗಿಸಿದ ಕರಿಬೇವು, ಜೀರಿಗೆ, ಕಲ್ಲುಪ್ಪು. ಎಲ್ಲ ಒರಳಿಗೆ ಹಾಕಿ ತರಿತರಿಯಾಗಿ ಕುಟ್ಟುತ್ತಾರೆ. ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ ಅನ್ನುವುದು ಅವರ ಮಾತು. ನಾನೂ ಮಾಡಿ ನೋಡಿದ್ದೇನೆ, ಮಾತು ನಿಜ. ಹುಚ್ಚೆಳ್ಳೆಂದರೆ ಎಣ್ಣೆಕಾಳು, ಬಿಸಿ ಏರಿದಷ್ಟೂ ಎಣ್ಣೆ ಹೊರಗೆ ಬರುತ್ತದೆ. ಅದೇ ಕಾರಣಕ್ಕೆ ಬೇಗ ಕಮಟೂ ಆಗುತ್ತದೆ. ಪ್ರಯಾಣಕ್ಕೆ ಮಾಡುವವರು ಹೊರಡುವ ವಾರದಲ್ಲಿ ಮಾಡಬೇಕು, ಬೇಕಾದಷ್ಟೇ ಮಾಡಬೇಕು.

ದಾರಿಗೆ ಖಾರ ಕಟ್ಟಿಕೊಂಡು ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಪರಸೀಮೆಗೆ ಹೋಗುವ ನಮ್ಮ ಹಟ್ಟಿಗಳ ಗೊಲ್ಲರು, ಕುರುಬರು ರಾಗಿ ಹಿಟ್ಟಿನ ಜೊತೆ ಹೊರುತ್ತಿದ್ದದ್ದು ಉಪ್ಪು, ಒಣಮೆಣಸಿನಕಾಯಿ, ಹುಣಿಸೆಹಣ್ಣು. ಕೆರೆಯಂಗಳದಲ್ಲಿ ಮೂರು ಕಲ್ಲು ಹೂಡಿ ಹಿಟ್ಟು ಬೇಯಿಸಿದರೆ ನಂಚಿಕೊಳ್ಳಲು ಅಷ್ಟು ಸಾಕು. ತಿರುಪತಿಗೋ ಧರ್ಮಸ್ಥಳಕ್ಕೋ ಬಸ್ಸು ಮಾಡಿಕೊಂಡು ಹೋಗುವಾಗಲೂ ಸೀಟಿನ ಕೆಳಗೆ ರೊಟ್ಟಿಯ ಗಂಟು, ಶೇಂಗಾ ಪುಡಿ. ಹೋಟೆಲಿನಲ್ಲಿ ತಿನ್ನಲು ದುಡ್ಡಿಲ್ಲದ ಕಾಲದ ರೂಢಿ ಅದು ಎಂದು ಕೆಲವರು ಹೇಳುತ್ತಾರೆ. ದುಡ್ಡು ಬಂದ ಮೇಲೂ ರೂಢಿ ಹೋಗಲಿಲ್ಲವಲ್ಲ.

ಸಮುದ್ರದ ಮೇಲೂ ಇದು ಹಳೆಯ ಕತೆಯೇ. 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹಡಗು ಹತ್ತಿದ ಮೋಹನದಾಸ ಗಾಂಧಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಊಟದ ಮೇಜಿಗೆ ಹೋಗಲು ಸಂಕೋಚ, ಯಾವ ಪದಾರ್ಥದಲ್ಲಿ ಮಾಂಸ ಇದೆಯೋ ಎಂದು ಕೇಳಲು ಇಂಗ್ಲಿಷು ಬಾರದು. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳ ಮೇಲೆಯೇ ಹೆಚ್ಚಾಗಿ ದಿನ ಕಳೆದೆ ಎಂದು ಅವರೇ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾರೆ. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಮಾಧೋಸಿಂಗ್ ಇಡೀ ಹಡಗನ್ನೇ ಗೊತ್ತುಮಾಡಿ, ಬೆಳ್ಳಿಯ ಭಾರೀ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದ. ಆ ಹಂಡೆಗಳು ಈಗಲೂ ಜೈಪುರದ ಅರಮನೆಯಲ್ಲಿವೆ. ಯುರೋಪಿನ ನಾವಿಕರಿಗಂತೂ ಹುಳಿಯೇ ಔಷಧಿ. ತಿಂಗಳುಗಟ್ಟಲೆ ಉಪ್ಪುಮಾಂಸ, ಒಣ ಬಿಸ್ಕತ್ತು ತಿಂದು ಒಸಡು ಕೊಳೆತು ಸಾಯುತ್ತಿದ್ದ ಕಾಲದಲ್ಲಿ ಕ್ಯಾಪ್ಟನ್ ಕುಕ್ ಹುಳಿ ಬರಿಸಿದ ಕೋಸನ್ನು ಪೀಪಾಯಿಗಟ್ಟಲೆ ತುಂಬಿಸಿಕೊಂಡು 1768ರಲ್ಲಿ ಹೊರಟ. ಬ್ರಿಟಿಷ್ ನೌಕಾಪಡೆ 1795ರಲ್ಲಿ ತನ್ನ ನಾವಿಕರಿಗೆ ನಿಂಬೆರಸ ಕೊಡುವ ಏರ್ಪಾಡು ಮಾಡಿತು. ನಂಚಿಕೊಳ್ಳುವ ಪದಾರ್ಥ ಹೀಗೆ ಜೀವ ಉಳಿಸಿದ್ದೂ ಉಂಟು.

ಇನ್ನು ನಮ್ಮ ಪ್ರಯಾಣಕ್ಕೆ ಬರುತ್ತೇನೆ. ಹೊರಡುವ ಮೊದಲು ಸೊಸೆ ಫೋನು ಮಾಡಿ ಹೇಳಿದ ಮಾತನ್ನು ನೀವೆಲ್ಲ ಮನಸ್ಸಿಟ್ಟು ಕೇಳಬೇಕು. "ಅತ್ತೆ, ಏನು ಬೇಕಾದರೂ ತನ್ನಿ, ಗಸಗಸೆ ಮಾತ್ರ ಒಂದು ಕಾಳೂ ಬೇಡ" ಅಂದಳು. ನಾನು ಸಾಗಿನ ಪುಡಿಗೆ ಹಾಕಿ ಇಟ್ಟಿದ್ದೆ. ಗಸಗಸೆ ಅಫೀಮಿನ ಗಿಡದ ಬೀಜ. ನಮ್ಮಲ್ಲಿ ಹಬ್ಬಕ್ಕೆ ಪಾಯಸ ಮಾಡುತ್ತೇವೆ, ಅಂಗಡಿಯಲ್ಲಿ ಮಾರುತ್ತಾರೆ, ಯಾರೂ ಕೇಳುವುದಿಲ್ಲ. ಸಿಂಗಪುರದಲ್ಲಿ, ದುಬೈ, ಅಬುಧಾಬಿ ಸೇರಿದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಸೌದಿಯಲ್ಲಿ ಅದನ್ನು ಮಾದಕ ವಸ್ತುವಿನ ಕಾನೂನಿನಡಿ ನಿಷೇಧಿಸಿದ್ದಾರೆ. ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ. ಮಕ್ಕಳ ಬಾಣಂತನಕ್ಕೆ ಕೊಲ್ಲಿ ದೇಶಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ಮಸಾಲೆ ಪುಡಿಯ ಪೊಟ್ಟಣಗಳನ್ನು ಚೀಲದ ತುಂಬ ತುಂಬುತ್ತಾರೆ. ಅದರಲ್ಲಿ ಏನೇನು ಬಿದ್ದಿದೆ ಎಂದು ಕೈಯಾರೆ ನೋಡಿ ಕಟ್ಟಿ. ನಾನು ಆ ಪುಡಿಯನ್ನು ಮನೆಯಲ್ಲೇ ಬಿಟ್ಟೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೊಬ್ಬರಿ ಹೋಯಿತು. ತಿಪಟೂರಿನಿಂದ ತಂದಿದ್ದ ಎರಡು ಗಿಟುಕು, ಮೊಮ್ಮಗಳಿಗೆಂದು ಬೆಲ್ಲದ ಜೊತೆ ಇಟ್ಟಿದ್ದೆ. ಒಣಕೊಬ್ಬರಿ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುವ ಗುಣದ್ದು ಎಂದು ವಿಮಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ನಮ್ಮ ದೇಶದಲ್ಲೂ 2022ರಿಂದ ಅದನ್ನು ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಎಣ್ಣೆ ತುಂಬಿದ ಪದಾರ್ಥ ಬಿಸಿಯಲ್ಲಿ ಒತ್ತಾಗಿ ಬಿದ್ದರೆ ಏನಾಗುತ್ತದೆ ಎಂದು ಕೊಬ್ಬರಿ ಮಂಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಪ್ಪಿನಕಾಯಿ, ಖಾರದ ಪುಡಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ಕೆಳಗೆ ಹಾಕುವ ದೊಡ್ಡ ಚೀಲದಲ್ಲಿಡಿ. ಎಣ್ಣೆ ತೇಲುವ ಉಪ್ಪಿನಕಾಯಿಯ ಬಾಟಲಿಗೆ ಎರಡು ಪ್ಲಾಸ್ಟಿಕ್ ಕವರು ಹಾಕಿ ಬಿಗಿಯಾಗಿ ಕಟ್ಟಿ, ಹಳೆಯ ಟವೆಲಿನಲ್ಲಿ ಸುತ್ತಿ.

ಹುಚ್ಚೆಳ್ಳು ಪುಡಿ ಇಷ್ಟೆಲ್ಲ ದಾಟಿ ಸಿಂಗಪುರದ ಮನೆ ತಲುಪಿತು. ಹಡಗಿಗೆ ಮಾತ್ರ ಬರಲಿಲ್ಲ. ಬಹುತೇಕ ದೊಡ್ಡ ಪ್ರವಾಸಿ ಹಡಗುಗಳವರು ಕಂಪನಿಯಲ್ಲಿ ಮೊಹರಾದ, ತೆರೆಯದ, ಕೆಡದ ಪೊಟ್ಟಣವನ್ನು ಒಳಗೆ ಬಿಡುತ್ತಾರೆ. ಮನೆಯಲ್ಲಿ ಮಾಡಿದ್ದನ್ನು, ತೆರೆದ ಡಬ್ಬಿಯನ್ನು ಬಿಡುವುದಿಲ್ಲ. ಒಂದೊಂದು ಹಡಗಿನವರದು ಒಂದೊಂದು ಕಟ್ಟಳೆ, ಟಿಕೆಟು ಮಾಡಿಸುವಾಗಲೇ ಕೇಳಿಕೊಳ್ಳಬೇಕು. ಸೊಸೆ ಓದಿ ಹೇಳಿದಾಗ ನನಗೆ ಸಂಕಟವಾಯಿತು. ಎಂಬತ್ತರ ಮುದುಕಿ ಗಾಲಿಸಿ, ಹುರಿದು, ಕುಟ್ಟಿ ಕೊಟ್ಟದ್ದು. ಅದಕ್ಕಿಂತ ಶುದ್ಧ ಯಾವುದಿದೆ ಅನ್ನಿಸಿತು.

ಆದರೆ ಹಡಗಿನವರ ಕಡೆಯಿಂದಲೂ ನೋಡಬೇಕು. ಮೂರು ಸಾವಿರ ಜನ ಒಂದೇ ಅಡುಗೆಮನೆಯ ಊಟ ಉಂಡು, ಒಂದೇ ಮೆಟ್ಟಿಲಿನ ಕಂಬಿ ಹಿಡಿದು ಓಡಾಡುತ್ತಾರೆ. ನೊರೊವೈರಸ್ ಅನ್ನುವ ವಾಂತಿಭೇದಿಯ ರೋಗಾಣು ಲೆಕ್ಕಕ್ಕೆ ಸಿಗುವಷ್ಟು ಕೆಲವೇ ಕಣ ಹೊಟ್ಟೆಗೆ ಹೋದರೂ ಆಳನ್ನು ಮಲಗಿಸುತ್ತದೆ. ನಡುಸಮುದ್ರದಲ್ಲಿ ದೊಡ್ಡಾಸ್ಪತ್ರೆ ಎಲ್ಲಿಂದ ಬರಬೇಕು? ಅಮೆರಿಕದ ಸರ್ಕಾರ 1970ರ ದಶಕದಿಂದಲೂ ಹಡಗುಗಳ ಶುಚಿತ್ವ ತಪಾಸಣೆಗೆಂದೇ ಬೇರೆ ವಿಭಾಗ ಇಟ್ಟುಕೊಂಡಿದೆ. ಬಾಗಿಲಲ್ಲಿ ನಿಂತವನಿಗೆ ನಮ್ಮತ್ತೆಯ ಕೈ ಎಂಥದ್ದೆಂದು ಗೊತ್ತಿಲ್ಲ. ಪೊಟ್ಟಣದ ಮೇಲೆ ಯಾರು ಮಾಡಿದ್ದು, ಎಂದು ಮಾಡಿದ್ದು, ಏನು ಹಾಕಿದ್ದು ಎಂದು ಬರೆದಿದ್ದರೆ ಆತ ಅದನ್ನು ನಂಬುತ್ತಾನೆ. ಅದು ನ್ಯಾಯವೇ. ಡಬ್ಬಿಯನ್ನು ಮಗನ ಮನೆಯ ಫ್ರಿಜ್ಜಿನಲ್ಲಿಟ್ಟು, ಸೇರಂಗೂನ್ ರಸ್ತೆಯ ಭಾರತದ ಅಂಗಡಿಗಳಿಗೆ ಹೋದೆವು. ಶೇಂಗಾ ಚಟ್ನಿಪುಡಿ ಸಿಕ್ಕಿತು. ಮಾವಿನಕಾಯಿ ಉಪ್ಪಿನಕಾಯಿಯ ಸಣ್ಣ ಬಾಟಲಿ ಸಿಕ್ಕಿತು. ಪುಳಿಯೋಗರೆ, ಬಿಸಿಬೇಳೆಬಾತಿನ ಪೊಟ್ಟಣಗಳು ಸಾಲಾಗಿದ್ದವು. ಹುಚ್ಚೆಳ್ಳು ಪುಡಿ ನಾವು ಹೊಕ್ಕ ಯಾವ ಅಂಗಡಿಯಲ್ಲೂ ಇರಲಿಲ್ಲ.

ಹಡಗಿನ ಊಟದ ಬಗ್ಗೆ ದೂರಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನು ಕೇಳಿದರೂ ಇದೆ. ಅನ್ನ ಇತ್ತು, ಬೇಳೆ ಇತ್ತು, ಮೊಸರಿತ್ತು. ಹತ್ತಾರು ದೇಶದ ಜನಕ್ಕೆ ಒಂದೇ ಒಲೆಯಲ್ಲಿ ಬೇಯಿಸುವವನು ಯಾರ ಬಾಯಿಯೂ ಉರಿಯದಂತೆ ಬೇಯಿಸಬೇಕಾಗುತ್ತದೆ. ಅದರಿಂದ ಎಲ್ಲವೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಮೊದಲ ದಿನ ಅವರ ಅಡುಗೆಯನ್ನೇ ಉಂಡೆವು. ಅದು ಸರಿಯಾದ ರೀತಿ ಎಂದು ನಾನು ನಂಬಿದ್ದೇನೆ. ಅಡುಗೆಯವನು ಮಾಡಿಟ್ಟದ್ದರ ರುಚಿ ನೋಡದೆ ಮೊದಲ ತುತ್ತಿಗೇ ನಮ್ಮ ಪುಡಿ ಸುರಿಯುವುದು ಉಣ್ಣಿಸಿದವನಿಗೆ ಮಾಡುವ ಅವಮಾನ. ಎರಡನೇ ರಾತ್ರಿ ಬಿಳಿ ಅನ್ನಕ್ಕೆ ಮೊಸರು ಕಲಸಿ, ಪೊಟ್ಟಣ ಕತ್ತರಿಸಿ, ತಟ್ಟೆಯ ಅಂಚಿಗೆ ಒಂದು ಚಮಚ ಶೇಂಗಾ ಪುಡಿ ಹಾಕಿಕೊಂಡೆ. ನಮ್ಮ ಮನೆಯವರು ಎರಡು ದಿನದಲ್ಲಿ ಮೊದಲ ಬಾರಿಗೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು.

ಬಡಿಸುವ ಹುಡುಗ ಜಾವಾ ದ್ವೀಪದವನು. ಘಾಟು ಮೂಗಿಗೆ ಬಡಿದು ನಿಂತ. ಇದೇನು ಎಂದು ಸನ್ನೆಯಲ್ಲಿ ಕೇಳಿದ. ಒಂದು ಚಿಟಿಕೆ ಕೊಟ್ಟೆ. ಕೆಲಸದ ಹೊತ್ತಿನಲ್ಲಿ ಬಾಯಿಗೆ ಹಾಕಿಕೊಳ್ಳುವಂತಿಲ್ಲ, ಕಾಗದದಲ್ಲಿ ಮಡಚಿ ಜೇಬಿಗೆ ಇಟ್ಟುಕೊಂಡ. ಮರುದಿನ ಬೆಳಿಗ್ಗೆ ಬಂದು, ತನ್ನ ಕೋಣೆಯಲ್ಲಿ ಒಂದು ಬಾಟಲಿ ಸಂಬಾಲ್ ಇದೆ ಅಂದ. ಮೆಣಸಿನಕಾಯಿಯನ್ನು ಉಪ್ಪು ಹಾಕಿ ಕಲ್ಲಿನಲ್ಲಿ ಅರೆದ ಅವರ ಕಡೆಯ ಖಾರ ಅದು. ಒಂದೊಂದು ಸರತಿಗೆ ತಿಂಗಳುಗಟ್ಟಲೆ ಮನೆ ಬಿಟ್ಟು ಹಡಗಿನಲ್ಲಿರುತ್ತಾರೆ ಆ ಮಕ್ಕಳು. ನಾಲ್ಕು ರಾತ್ರಿಗೆ ನಾವು ಇಷ್ಟು ಯೋಚನೆ ಮಾಡಿದ್ದು ನೆನೆದು ನನಗೆ ಅವನ ತಾಯಿಯ ನೆನಪಾಯಿತು, ಆಕೆಯನ್ನು ನಾನು ಕಂಡವಳಲ್ಲ.

ಅಂದಿನಿಂದ ನಾನು ಪಕ್ಕದ ಮೇಜುಗಳನ್ನು ಗಮನಿಸತೊಡಗಿದೆ. ಕೊರಿಯಾದ ಕುಟುಂಬವೊಂದು ಟೂತ್‌ಪೇಸ್ಟಿನಂಥ ಟ್ಯೂಬಿನಿಂದ ಕೆಂಪು ಮೆಣಸಿನ ಗೊಜ್ಜು ಹಿಂಡಿಕೊಳ್ಳುತ್ತಿತ್ತು, ಗೊಚುಜಾಂಗ್ ಅನ್ನುತ್ತಾರೆ. ಆಸ್ಟ್ರೇಲಿಯಾದ ವಯಸ್ಸಾದ ದಂಪತಿ ಬ್ರೆಡ್ಡಿಗೆ ಕರ್ರನೆಯ ವೆಜಿಮೈಟ್ ಸವರುತ್ತಿದ್ದರು. ಅದು 1923ರಿಂದ ಅವರ ನಾಡಿನಲ್ಲಿ ಮಾರಾಟದಲ್ಲಿದೆ. ಯಾರೊಬ್ಬರಿಗೂ ನಾಚಿಕೆ ಇರಲಿಲ್ಲ, ಯಾರೊಬ್ಬರಿಗೂ ಬಾಗಿಲಲ್ಲಿ ತಡೆ ಆಗಿರಲಿಲ್ಲ. ಅವರವರ ಮನೆಯ ರುಚಿಗೆ ಒಂದು ಪೊಟ್ಟಣ ಸಿದ್ಧವಾಗಿತ್ತು. ನಮ್ಮ ಶೇಂಗಾ ಪುಡಿಗೂ ಇತ್ತು. ನಮ್ಮ ಹುಚ್ಚೆಳ್ಳಿಗೆ ಇರಲಿಲ್ಲ. ನಾಲ್ಕು ದಿನವೂ ಇದೇ ನನ್ನ ತಲೆಯಲ್ಲಿ ಕೊರೆಯಿತು.

ಹಡಗು ಹೋಗುತ್ತಿದ್ದದ್ದು ಮಲಾಕ್ಕಾ ಜಲಸಂಧಿಯಲ್ಲಿ. ಶಾಲೆಯಲ್ಲಿ ಮೂವತ್ತು ವರ್ಷ ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದ್ದ ಜಾಗ. ಲವಂಗ, ಜಾಯಿಕಾಯಿ ತುಂಬಿದ ಹಡಗುಗಳು ಪಶ್ಚಿಮಕ್ಕೆ ಹೋದ ದಾರಿ ಇದೇ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದು, 1511ರಲ್ಲಿ ಮಲಾಕ್ಕಾ ಹಿಡಿದರು. ಅದೇ ಶತಮಾನದಲ್ಲಿ ಅವರ ಹಡಗುಗಳಲ್ಲಿ ಅಮೆರಿಕ ಖಂಡದ ಮೆಣಸಿನಕಾಯಿ ನಮ್ಮ ತೀರಕ್ಕೆ ಬಂತು. ಅದಕ್ಕೆ ಮುಂಚೆ ನಮ್ಮ ಹಿರಿಯರ ಖಾರವೆಲ್ಲ ಕಾಳುಮೆಣಸು, ಶುಂಠಿ. ಸಂಜೆ ಮೇಲ್ಗಟ್ಟೆಯ ಕಂಬಿ ಹಿಡಿದು ನಿಂತು ಅತ್ತೆಯ ಡಬ್ಬಿಯಲ್ಲಿ ಏನೇನಿದೆ ಎಂದು ಒಂದೊಂದಾಗಿ ಲೆಕ್ಕ ಹಾಕಿದೆ. ಮೆಣಸಿನಕಾಯಿ ಅಮೆರಿಕದ್ದು. ಹುಚ್ಚೆಳ್ಳಿನ ಮೂಲ ಇಥಿಯೋಪಿಯಾದ ಎತ್ತರದ ಸೀಮೆ. ಹುಣಿಸೆ ಆಫ್ರಿಕದ ಮರ. ಬೆಳ್ಳುಳ್ಳಿ ಮಧ್ಯ ಏಷ್ಯಾದ್ದು. ನಮ್ಮ ಜಿಲ್ಲೆಯ ಹೊಲಗಳನ್ನೆಲ್ಲ ತುಂಬಿರುವ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳನ್ನು ಸಾಕಿದ ಶೇಂಗಾ ದಕ್ಷಿಣ ಅಮೆರಿಕದ್ದು. ನಮ್ಮ ಮುದ್ದೆಯ ರಾಗಿಯೂ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕದಿಂದ ಬಂದದ್ದು. ಕರಿಬೇವೊಂದು ಇಲ್ಲಿಯದೇ. ಯಾವುದೋ ಕಾಲದಲ್ಲಿ ಯಾರೋ ಬೀಜವನ್ನು ಗಂಟಿನಲ್ಲಿ ಕಟ್ಟಿಕೊಂಡು ಹೊರಟದ್ದರಿಂದ ತಾನೇ ಇವೆಲ್ಲ ಯಲ್ಲದಕೆರೆಯ ಹೊಲ ತಲುಪಿದ್ದು? ಅವರೂ ಬಾಯಿ ಕೆಡಬಾರದು ಎಂದೇ ಕಟ್ಟಿಕೊಂಡಿರಬೇಕು.

ವಾಪಸ್ಸು ಊರಿಗೆ ಬಂದ ಮೇಲೆ ಹುಚ್ಚೆಳ್ಳು ಹುಡುಕಿಕೊಂಡು ಹೊರಟೆ. ಪುಡಿ ಇರಲಿ, ಕಾಳೇ ಅಪರೂಪ. ಕೊಳವೆಬಾವಿ ಬಂದ ಹೊಲದಲ್ಲಿ ಅಡಿಕೆ, ದಾಳಿಂಬೆ. ಮಳೆಯ ಹೊಲದಲ್ಲಿ ಶೇಂಗಾ ಇಲ್ಲವೇ ಮೆಕ್ಕೆಜೋಳ. ರಾಗಿ ಹಾಕಿದವರೂ ಯಂತ್ರದಲ್ಲಿ ಕೊಯ್ಲು ಮಾಡಿಸುವುದರಿಂದ ಅಕ್ಕಡಿ ಸಾಲು ಬಿಡುವುದಿಲ್ಲ. ಸಾಲಿಗೊಂದು ಬೇರೆ ಬೆಳೆ ಇದ್ದರೆ ಯಂತ್ರಕ್ಕೆ ಆಗಿಬರುವುದಿಲ್ಲ. ನಮ್ಮ ಅತ್ತೆಗೆ ವರ್ಷವರ್ಷ ಎರಡು ಸೇರು ಕಾಳು ತಂದುಕೊಡುತ್ತಿದ್ದವರು ಹತ್ತಿರದ ಹಟ್ಟಿಯ ಒಬ್ಬ ಅಜ್ಜಿ. "ನಾನಿರೋಗಂಟ ಬಿತ್ತಿಸ್ತೀನಿ, ಆಮ್ಯಾಕೆ ಹುಡುಗ್ರಿಗೆ ಬಿಟ್ಟಿದ್ದು" ಅಂದರು ಆಕೆ.

ಸ್ತ್ರೀಶಕ್ತಿ ಗುಂಪುಗಳ, ಸಂಜೀವಿನಿ ಸಂಘಗಳ ಅಕ್ಕತಂಗಿಯರು ಈ ಮಾತು ಕೇಳುತ್ತಿದ್ದರೆ ನಿಮಗೇ ಹೇಳುತ್ತಿದ್ದೇನೆ. ಅಡುಗೆಮನೆಯ ಪುಡಿ ಪೊಟ್ಟಣವಾಗುವುದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬೇಡಿ. ಮಾವಳ್ಳಿ ಟಿಫಿನ್ ರೂಮ್ 1924ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಹೋಟೆಲಾಗಿ ಶುರುವಾದದ್ದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆ ಇಳಿಸಲೇಬೇಕಾಗಿ ಬಂದು, ಹೋಟೆಲು ನಡೆಸುವುದು ಕಷ್ಟವಾದಾಗ, ಕೆಲಸದವರನ್ನು ಬಿಡಿಸದೆ ಪುಡಿ, ದಿಢೀರ್ ತಿಂಡಿಯ ಮಿಶ್ರಣ ಕಟ್ಟಿ ಮಾರಲು ಇಳಿದರು. ಇವತ್ತು ಆ ಹೆಸರಿನ ಪೊಟ್ಟಣ ಹಲವು ದೇಶಗಳಲ್ಲಿ ಸಿಗುತ್ತದೆ.

ನಮ್ಮ ಸಂಘಗಳು ಶೇಂಗಾ ಚಿಕ್ಕಿ, ಹಪ್ಪಳ ಮಾಡಿ ಸಂತೆಯಲ್ಲಿ ಮಾರುವುದನ್ನು ನೋಡಿದ್ದೇನೆ. ರುಚಿಗೆ ಎರಡು ಮಾತಿಲ್ಲ. ಕೊರತೆ ಇರುವುದು ಕಟ್ಟುವುದರಲ್ಲಿ. ಪಿನ್ನು ಹೊಡೆದ ಪ್ಲಾಸ್ಟಿಕ್ ಕವರಿನ ಮೇಲೆ ಹೆಸರಿಲ್ಲ, ತಾರೀಕಿಲ್ಲ. ಅಂಥದ್ದು ಹಡಗಿನ ಬಾಗಿಲು ದಾಟದು, ಬೆಂಗಳೂರಿನ ದೊಡ್ಡ ಅಂಗಡಿಯ ಬಾಗಿಲೂ ದಾಟದು. ಬೇಕಾದದ್ದು ಇಷ್ಟೇ. ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಸಣ್ಣ ಉತ್ಪಾದಕರಿಗೆಂದು ಮೂಲ ನೋಂದಣಿ ಇದೆ, ಶುಲ್ಕ ತೀರಾ ಕಡಿಮೆ. ಅದು ಕೊಡುವ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ಏನೇನು ಹಾಕಿದೆ, ತೂಕ ಎಷ್ಟು, ಮಾಡಿದ ದಿನ, ಎಂದಿನವರೆಗೆ ಚೆನ್ನಾಗಿರುತ್ತದೆ, ಮಾಡಿದವರ ವಿಳಾಸ, ಸಸ್ಯಾಹಾರದ ಹಸಿರು ಗುರುತು. ಹುಚ್ಚೆಳ್ಳು ಬೇಗ ಕಮಟಾಗುವುದರಿಂದ ಬೆಳಕು, ಗಾಳಿ ಹೊಗದ ಬೆಳ್ಳಿ ಹಾಳೆಯ ಪೊಟ್ಟಣವೇ ಆಗಬೇಕು, ಮೊಹರು ಮಾಡುವ ಯಂತ್ರ ಬೇಕು. 2020ರಲ್ಲಿ ಕೇಂದ್ರ ಸರ್ಕಾರ ಕಿರು ಆಹಾರ ಉದ್ಯಮಗಳಿಗೆಂದು ತಂದ ಯೋಜನೆಯಲ್ಲಿ ಯಂತ್ರದ ಖರ್ಚಿಗೆ ಶೇಕಡ 35ರ ಸಹಾಯಧನ, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಇಟ್ಟಿದ್ದರು. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿ ಮೂಲಬಂಡವಾಳವೂ ಇತ್ತು. ಆ ಯೋಜನೆಯಲ್ಲಿ ನಮ್ಮ ಜಿಲ್ಲೆಗೆ ಗೊತ್ತುಮಾಡಿದ ಬೆಳೆ ಶೇಂಗಾ. ಈಗ ಏನು ಸೌಲಭ್ಯ ಸಿಗುತ್ತದೆ ಎಂದು ಹಿರಿಯೂರಿನ ಕೃಷಿ ಇಲಾಖೆಯಲ್ಲಿ, ತಾಲ್ಲೂಕು ಪಂಚಾಯ್ತಿಯ ಸಂಜೀವಿನಿ ವಿಭಾಗದಲ್ಲಿ ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ.

ಹೊಲ ಇರುವವರಲ್ಲಿ ನನ್ನದೊಂದು ಬೇಡಿಕೆ. ಹೊಲವನ್ನೆಲ್ಲ ಬದಲಿಸಿ ಎಂದು ಯಾರೂ ಕೇಳುತ್ತಿಲ್ಲ. ಯಂತ್ರ ತಿರುಗದ ಬದುವಿನ ಅಂಚಿಗೆ ಒಂದು ಹಿಡಿ ಹುಚ್ಚೆಳ್ಳು ಚೆಲ್ಲಿ. ಮಳೆ ಕಡಿಮೆಯಾದರೂ ಬರುತ್ತದೆ, ದನ ಅದನ್ನು ಮುಟ್ಟುವುದು ಕಡಿಮೆ, ಜೇನಿಗೆ ಆ ಹೂವೆಂದರೆ ಬಲು ಇಷ್ಟ. ಹಬ್ಬಕ್ಕೆ ಹೂ ಕೊಳ್ಳಲು ಹಿರಿಯೂರಿಗೆ ಹೋಗುವುದೂ ತಪ್ಪುತ್ತದೆ.

ಅತ್ತೆಗೆ ಡಬ್ಬಿ ಹಡಗು ಹತ್ತಲಿಲ್ಲ ಎಂದು ಹೇಳುವಾಗ ನನಗೆ ಹೇಗೋ ಆಗಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಅವ್ರು ಕೇಳ್ದಂಗೆ ಕಟ್ಟಿಕೊಡಾನ ಬಿಡು" ಅಂದರು. ಈಗ ನಮ್ಮ ಬೀದಿಯ ಆರು ಜನ ಹೆಣ್ಣುಮಕ್ಕಳು ವಾರಕ್ಕೊಂದು ಮಧ್ಯಾಹ್ನ ನಮ್ಮ ಮನೆಯ ಹಿತ್ತಿಲಲ್ಲಿ ಸೇರಿ ಅತ್ತೆಯಿಂದ ಹುರಿಯುವ ಹದ ಕಲಿಯುತ್ತಿದ್ದಾರೆ. ನೋಂದಣಿಗೆ ಅರ್ಜಿ ಬರೆದಿಟ್ಟಿದ್ದೇವೆ. ಉಗುರಿನ ಮೇಲೆ ಕಾಳೊತ್ತಿ ನೋಡುವುದನ್ನು ಯಾವ ಪುಸ್ತಕದಲ್ಲೂ ಕಲಿಯಲಾಗದು, ಕೂತು ನೋಡಬೇಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಯಾವ ಸಂಘದವರು ಬಂದರೂ ಬಾಗಿಲು ತೆರೆದಿದೆ. ಬರುವಾಗ ನಿಮ್ಮೂರಿನಲ್ಲಿ ಹುಚ್ಚೆಳ್ಳಿನ ಬೀಜ ಉಳಿದಿದ್ದರೆ ಒಂದು ಪಾವು ತನ್ನಿ. ನಮಗೆ ಮುಂಗಾರಿಗೆ ಬಿತ್ತನೆಗೆ ಬೇಕಾಗಿದೆ.